ಉಚ್ಚಂಗಪ್ಪನವರು ಅಕ್ಷರ ಬಿಡಿಸಿಟ್ಟದ್ದು

ಬೆಳಿಗ್ಗೆ ಬಂದು ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಕಮಾಂಡ್ ಫೈಲು ಸಿಗುತ್ತಿಲ್ಲ. ಆರಿಸಿ ಮತ್ತೆ ಹಾಕಿದೆ. ಅದೇ ಸಾಲು. ವೈರುಗಳನ್ನೆಲ್ಲ ಕಿತ್ತು ಸಿಕ್ಕಿಸಿದೆ. ಅದೇ ಸಾಲು. ಹಾಳಾದ್ದು, ಡಬ್ಬಕ್ಕೆ ಒಂದು ಗುದ್ದೂ ಕೊಟ್ಟೆ.

ಅದು ತೊಂಬತ್ತೈದನೇ ಇಸವಿ. ಸೊರಬದ ಮುನೀರ್ ಅಹ್ಮದ್ ಸಾಹೇಬರ ಪ್ರೆಸ್ಸಿಗೆ ಕಂಪ್ಯೂಟರ್ ಬಂದು ಹತ್ತಿರ ಹತ್ತಿರ ತಿಂಗಳಾಗಿತ್ತು. ಶಿಕಾರಿಪುರದಲ್ಲಿ ಆರು ತಿಂಗಳು ಕಲಿತವಳೆಂದು ನನ್ನನ್ನು ಅದರ ಮುಂದೆ ಕೂರಿಸಿದ್ದರು. ಮೂವತ್ತೊಂದು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ ಉಚ್ಚಂಗಪ್ಪನವರಿಗೆ ಕಲಿಸುವ ಕೆಲಸವೂ ನನ್ನದೇ. "ತಿಂಗ್ಳೊಳಗೆ ಕಲೀಲಿಲ್ಲಾಂದ್ರೆ ಇವರನ್ನ ಮನೆಗೆ ಕಳಿಸ್ತೀನಿ," ಎಂದು ಸಾಹೇಬರು ಅವರೆದುರಿಗೇ ಹೇಳಿದ್ದರು. ಇನ್ನೆರಡು ದಿನ ಉಳಿದಿತ್ತು.

"ಗಂಗವ್ವಾ, ಕುಪ್ಪಗಡ್ಡೆಯೋರ ಮದ್ವೆ ಕಾರ್ಡು ಸಂಜೆಗೆ ಕೊಡ್ಬೇಕಲ್ಲ..." ಎಂದರು ಉಚ್ಚಂಗಪ್ಪನವರು.

"ನಂಗೊತ್ತಿಲ್ವಾ? ಸುಮ್ನೆ ಕೂತ್ಕೊಳಿ ಮಾರಾಯ್ರೆ!"

ಯಂತ್ರವನ್ನು ಎಬ್ಬಿಸುವ ಫ್ಲಾಪಿಗಾಗಿ ನಾನು ಕಲಿತ ಕಡೆಗೇ ಹೋಗಬೇಕಾಯಿತು. ಶಿಕಾರಿಪುರಕ್ಕೆ ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಬಂದೆ. ತಂದ ಎರಡು ಫ್ಲಾಪಿಗಳಲ್ಲಿ ಒಂದು ಓದಲೇ ಇಲ್ಲ. ಇನ್ನೊಂದಕ್ಕೆ ಅಂತೂ ಯಂತ್ರ ಕಣ್ಣು ಬಿಟ್ಟಿತು. ನೋಡಿದರೆ, ಶುರುವಾಗಲು ಬೇಕಾದ ಫೈಲುಗಳಿರುವ ಜಾಗ ಗುಡಿಸಿಟ್ಟ ಹಾಗೆ ಖಾಲಿ.

"ಯಾರ್ರೀ ಅಳ್ಸಿದ್ದು?" ಕೂಗಿದೆ.

"ನಾನೇ," ಎಂದರು ಉಚ್ಚಂಗಪ್ಪನವರು, ಶಹಬ್ಬಾಸ್‌ಗಿರಿಗೆ ಕಾಯುವವರಂತೆ. "ನಿನ್ನೆ ಕೆಲ್ಸ ಮುಗೀತಲ್ಲವ್ವಾ, ಬಿಡ್ಸಿಟ್ಟು ಹೋದೆ. ಇಲ್ಲಾಂದ್ರೆ ಇವತ್ತಿನ ಕೆಲ್ಸಕ್ಕೆ ಅಕ್ಷರ ಎಲ್ಲಿಂದ ತರೋದು?"

ತಲೆ ಚಚ್ಚಿಕೊಂಡೆ. ಮೊಳೆ ಕೆಲಸದಲ್ಲಿ ಹಾಗೆಯೇ. ಅಚ್ಚಾದ ಮೇಲೆ ಒಂದೊಂದು ಅಕ್ಷರವನ್ನೂ ಬಿಡಿಸಿ ಅದರದರ ಖಾನೆಗೆ ಹಾಕಿಟ್ಟು ಮನೆಗೆ ಹೋಗಬೇಕು, ಇಲ್ಲದಿದ್ದರೆ ಮರುದಿನ ಅಕ್ಷರ ಸಾಲುವುದಿಲ್ಲ. ಕಂಪ್ಯೂಟರಿನಲ್ಲೂ ಅಕ್ಷರ ಖರ್ಚಾಗಿಬಿಡುತ್ತವೆಂದು ಈ ಮನುಷ್ಯ ತಿಳಿದಿದ್ದರು!

"ಎಲ್ಲ ಅಳಿಸ್ಲಾ, ಹೌದಾದ್ರೆ ವೈ ಒತ್ತಿ ಅಂತ ಅದು ಕೇಳ್ಲಿಲ್ವಾ?"

"ಏನೋ ಕೇಳ್ತು. ವೈ ಒತ್ತಿದೆ. ನೀನೇ ಹೇಳಿದ್ಯಲ್ಲ, ಏನು ಕೇಳಿದ್ರೂ ವೈ ಒತ್ತಿ ಅಂತ."

ಹೇಳಿದ್ದೆ. ಹೆಜ್ಜೆಹೆಜ್ಜೆಗೂ ಕರೆದು ಕೇಳುತ್ತಿದ್ದಾಗ, ತಲೆ ತಿನ್ನಬೇಡಿ ಎಂದು ರೇಗಿ ಹೇಳಿದ್ದೆ.

ಕಾಣೆಯಾದ ಫೈಲುಗಳನ್ನು ಫ್ಲಾಪಿಯಿಂದ ತುಂಬಿಸಿದೆ. ಕಾರ್ಡಿನ ಫೈಲು ಬೇರೆ ಜಾಗದಲ್ಲಿದ್ದದ್ದರಿಂದ ಉಳಿದಿತ್ತು. ಅಷ್ಟರಲ್ಲಿ ಸಾಹೇಬರು ಬಂದರು.

"ಏನಾಗಿತ್ತು?"

"ವೈರಸ್ಸು, ಸಾಹೇಬ್ರೆ," ಎಂದೆ.

"ಅದ್ಯಾವನೂ ಅಲ್ರೀ, ನಾನೇ ಅಳ್ಸಿದ್ದು," ಎಂದರು ಉಚ್ಚಂಗಪ್ಪನವರು.

ಅಯ್ಯೋ ದೇವರೇ! ಇವರ ಅನ್ನ ಉಳಿಸಲು ನಾನು ಸುಳ್ಳು ಹೇಳಿದರೆ ಇವರೇ ತಟ್ಟೆ ಒದೆಯುತ್ತಾರೆ. ಮೈಯೆಲ್ಲ ಉರಿದುಹೋಯಿತು.

ಸಾಹೇಬರ ಮುಖ ಬಿಗಿಯಿತು. "ಹಂಗೆ ಮಾಡು ಅಂತ ಯಾರು ಹೇಳಿದ್ರು? ಈ ಹುಡುಗಿ ಕಲ್ಸಿದ್ಲಾ?"

ಉಚ್ಚಂಗಪ್ಪನವರು ನನ್ನ ಕಡೆ ನೋಡಲಿಲ್ಲ. "ಇಲ್ರಿ. ಅವಳು ಮುಟ್ಬೇಡಿ ಅಂತಾನೇ ಹೇಳಿದ್ಲು. ನಾನೇ ಕೇಳ್ಲಿಲ್ಲ."

ತನಗಾಗಿ ಒಂದು ಸುಳ್ಳನ್ನು ಒಪ್ಪದ ಮನುಷ್ಯ! ನನಗೆ ಅಳು ಬಂತು. ಸಿಟ್ಟೂ ಬಂತು, ಈ ಸಲ ನನ್ನ ಮೇಲೆಯೇ.

"ಸುಳ್ಳು, ಸಾಹೇಬ್ರೆ. ಏನು ಕೇಳಿದ್ರೂ ವೈ ಒತ್ತಿ ಅಂದೋಳು ನಾನು. ಕಳ್ಸೋದಾದ್ರೆ ಇಬ್ರನ್ನೂ ಕಳ್ಸಿ."

ಸಾಹೇಬರು ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಇಬ್ರನ್ನೂ ಕಳ್ಸಿ, ಕುಪ್ಪಗಡ್ಡೆಯೋರಿಗೆ ನನ್ನ ತಲೆ ಅಚ್ಚು ಹಾಕಿ ಕೊಡ್ಲಾ? ಮೊದ್ಲು ಕಾರ್ಡು ತೆಗೀರಿ! ಆಮೇಲೆ ನೀನು ಇವರಿಗೆ ಇನ್ನೊಂದು ತಿಂಗ್ಳು ಕಲ್ಸು. ನೆಟ್ಟಗೆ ಕಲ್ಸು," ಎಂದು ಗೊಣಗುತ್ತ ಹೊರಗೆ ಹೋದರು.

ಉಚ್ಚಂಗಪ್ಪನವರು ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂತರು. "ಇದೇನೋ ಕೇಳ್ತಾ ಐತೆ, ಗಂಗವ್ವಾ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅದು ಏನು ಕೇಳುತ್ತಿದೆಯೆಂದು ಮೊದಲ ಸಲ ಕನ್ನಡದಲ್ಲಿ ಓದಿ ಹೇಳಿದೆ.