ಸುಣ್ಣದ ಗೆರೆಯ ಕಂಬ

ತೊಂಬತ್ತೆಂಟರ ಕಾರ್ತೀಕ, ಹೊಳೆಯ ಮೇಲಿನ ಮಂಜು ಇನ್ನೂ ಕರಗದ ಬೆಳಗಿನ ಹೊತ್ತು, ಅಂಗೈಗೆ ನೀಲಗಿರಿ ಕಂಬ ತಣ್ಣಗೆ ತಾಕುತ್ತಿದೆ, ಗುತ್ತೂರಿನ ಈ ಹೊಸ ಮನೆಯ ತಾರಸಿ ಚೆನ್ನಾಗಿ ಒಣಗಿದೆ, ಗೆಣ್ಣಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ, ಹಸಿ ತಾರಸಿಯನ್ನು ಹೊತ್ತಿದ್ದ ಸೆಂಟ್ರಿಂಗಿನ ಹಲಗೆ ಬಿಚ್ಚಿಯಾಯಿತು, ಕಂಬಗಳನ್ನೆಲ್ಲ ಮಾಲತೇಶಪ್ಪ ತಾನೇ ಗೋಡೆಗೆ ಒರಗಿಸಿದ್ದಾನೆ, ಇದೊಂದು ಅವನ ಕೈಯಲ್ಲಿ ಉಳಿದಿದೆ, ತೆಗೆಯಬೇಕಾದ ಕಂಬಕ್ಕೆ ಎಳೆಯುವ ಸುಣ್ಣದ ಗೆರೆ ಇದಕ್ಕೂ ಇದೆ, ಬುಡದ ಬೆಣೆಯನ್ನೂ ಕಿತ್ತಾಗಿದೆ, ಆದರೂ ಕೈ ಬಿಡುತ್ತಿಲ್ಲ — ಏನ್ ಯಜಮಾನ್ರೆ, ಕಂಬಕ್ಕೂ ನಿಮಗೂ ಲಗ್ನ ಮಾಡಿಸ್ಲೇನು, ಹಿಂಗ ತಬ್ಕಂಡು ನಿಂತೀರಲ್ರೀ, ಮೇಸ್ತ್ರಿ ಜಮಾಲುದ್ದೀನ್ ಹೊರಗಿನಿಂದ ನಗುತ್ತಾನೆ, ಒಳ್ಳೆಯ ಮನುಷ್ಯ, ಅವನಿಗೇನು ಗೊತ್ತು, ಲಗ್ನ ಎಂಬ ಮಾತೇ ತನ್ನ ಮನೆಯನ್ನು ಸುಟ್ಟದ್ದು, ಮಗ ಸಿದ್ದೇಶನಿಗೆ ಇನ್ನೊಂದು ಲಗ್ನ ಮಾಡುತ್ತೇನೆಂದು ಹೆಂಡತಿ ಹುಲಿಗೆಮ್ಮ ಹಠ ಹಿಡಿದದ್ದು, ಇರುವ ಸೊಸೆಗೆ ಮಕ್ಕಳಾಗಲಿಲ್ಲವೆಂದು.

ಶುರುವಾದದ್ದು ಭಾದ್ರಪದದ ಒಂದು ಮಧ್ಯಾಹ್ನ, ದಾವಣಗೆರೆಯ ಆಸ್ಪತ್ರೆಯಲ್ಲಿ, ಕಿಟಕಿಯಾಚೆ ಮಂಡಕ್ಕಿ ಭಟ್ಟಿಯ ಹೊಗೆ, ಒಬ್ಬನಿಗೇ ಧೈರ್ಯ ಸಾಲದು ಬಾರಪ್ಪಾ ಎಂದು ಸಿದ್ದೇಶನೇ ಕರೆದುಕೊಂಡು ಹೋಗಿದ್ದ, ಅವನ ಬೀಜದಿಂದ ಚೂರು ತೆಗೆದು ಪರೀಕ್ಷೆ ಮಾಡಿದ್ದರು, ಸೊಸೆಯ ಪರೀಕ್ಷೆ ಆಗಲೇ ಮುಗಿದಿತ್ತು, ಅವಳಲ್ಲಿ ಏನೂ ಕೊರತೆ ಇರಲಿಲ್ಲ. ಕೂಡ್ರಿ ಹಿರಿಯರೆ, ಡಾಕ್ಟರಮ್ಮ ಹೇಳಿದಳು, ಗಂಡಿನ ಬೀಜದ ಕಣ ಒಂದೇ ಸಲಕ್ಕೆ ಆಗಲ್ಲ, ಹಂತ ಹಂತವಾಗಿ ಆಗ್ತದೆ, ತಂದೆ ತಾಯಿಯಿಂದ ಬಂದದ್ದನ್ನ ಅರ್ಧ ಮಾಡಿ ಪಾಲು ಬಿಡಿಸಬೇಕು, ಒಂದೊಂದು ಹಂತಕ್ಕೂ ಬೇರೆ ಬೇರೆ ಪ್ರೋಟೀನು ಕೆಲಸಕ್ಕೆ ಬರ್ತಾವೆ, ಕೆಲಸ ಮುಗಿದ ಮೇಲೆ ಜೀವಕೋಶ ಅವಕ್ಕೆ ಗುರುತು ಹಚ್ಚಿ ಒಡೆದು ಹಾಕಬೇಕು, ಹಾಕದಿದ್ರೆ ಮುಂದಿನ ಹಂತಕ್ಕೆ ದಾರಿ ಇಲ್ಲ — ಸೆಂಟ್ರಿಂಗ್ ಇದ್ದಂಗೇನ್ರೀ, ಮಾಲತೇಶಪ್ಪನ ಬಾಯಿಂದ ಬಂದುಬಿಟ್ಟಿತು, ಹಂಗೇ ಅನ್ಕೊಳ್ರಿ, ನಿಮ್ಮ ಮಗನ ಕಣಗಳು ಅರ್ಧಕ್ಕೇ ನಿಂತಾವೆ, ಒಡೆಯೋ ಕೆಲಸ ಕೆಟ್ಟೈತೋ ಬೇರೇನೋ ಖಾತ್ರಿ ಹೇಳೋಕಾಗಲ್ಲ, ಎರಡು ವರ್ಷದ ಹಿಂದೆ ಇಲಿಗಳಲ್ಲಿ ಕಂಡಿದಾರೆ, ಆ ಗುರುತು ಹಚ್ಚೋದರಲ್ಲೇ ದೋಷ ಇದ್ದ ಗಂಡಿಲಿಗೆ ಮರಿ ಆಗಲಿಲ್ಲ, ಹೆಣ್ಣಿಲಿಗೆ ಏನೂ ತೊಂದರೆ ಇರಲಿಲ್ಲ, ಔಷಧಿ ಅಂತ ನಮ್ಮ ಹತ್ರ ಏನೂ ಇಲ್ಲ. ಹೆಣ್ಣಿಲಿಗೆ ಏನೂ ತೊಂದರೆ ಇರಲಿಲ್ಲ, ಹರಿಹರದ ಬಸ್ಸಿನುದ್ದಕ್ಕೂ ಕಿವಿಯಲ್ಲಿ ಇದೇ ಮಾತು, ಪಕ್ಕದಲ್ಲಿ ಸಿದ್ದೇಶ, ಅಪ್ಪಾ, ಅವ್ವಗೆ ಹೇಳಬ್ಯಾಡ, ಮಿಲ್ಲಿನಾಗೆ ಗೊತ್ತಾದ್ರೆ ನಾ ಹೆಂಗೆ ತಲೆ ಎತ್ಲಿ, ಹರಿಹರ ತಲುಪಿ ಗುಡಿಯ ಗೋಪುರ ಕಂಡಾಗ ಕೈ ತಾನಾಗಿ ಮುಗಿಯಿತು, ಅಲ್ಲಿ ಹರಿಯೂ ಹರನೂ ಅರ್ಧ ಅರ್ಧ ಕೂಡಿ ನಿಂತಿದ್ದಾರೆ, ತನ್ನ ಮಗನೊಳಗೆ ಆ ಅರ್ಧ ಅರ್ಧ ಬಿಡಿಸಿಕೊಳ್ಳಲಾರದೆ ನಿಂತಿದೆ, ಆಯ್ತು ಬಿಡೋ ಎಂದ ಮಗನಿಗೆ, ಈಗಲೇ ಹೇಳುವುದು ಬೇಡ, ಹಸಿ ಇದ್ದಾಗ ಕಂಬ ಎಳೆದರೆ ತಾರಸಿ ತಲೆಯ ಮೇಲೆ, ಹುಡುಗನ ಮನಸ್ಸು ಸ್ವಲ್ಪ ಒಣಗಲಿ, ಕಾಯುವುದು ತನಗೆ ಹೊಸದೇ, ಇಡೀ ಬದುಕು ಕಾದದ್ದೇ.

ಆದರೆ ಹುಲಿಗೆಮ್ಮ ಕಾಯುವವಳಲ್ಲ, ಎಮ್ಮಿ ಗೊಡ್ಡಾದ್ರೆ ಸಂತಿಗೆ ಹೊಡಿತಾರ, ಇಕಿನ್ನ ಎಲ್ಲಿಗೆ ಹೊಡಿಲಿ, ನಮ್ಮ ತಮ್ಮನ ಮಗಳು ಐದಾಳೆ, ತರ್ತೀನಿ, ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು, ಸೊಸೆ ಪುಷ್ಪಲತಾ ಬಾಗಿಲಿಗೆ ಬಂದಳು, ಕೈತುಂಬ ಹಿಟ್ಟು, ನೋಡಿದ್ದು ಅತ್ತೆಯನ್ನಲ್ಲ ಗಂಡನನ್ನಲ್ಲ, ಮಾವನನ್ನು, ಮಾವ ನೀರಿನ ಚೊಂಬು ಎತ್ತಿದ, ಕುಡಿದ, ಕೆಳಗಿಟ್ಟ, ಸಿದ್ದೇಶ ಅಂಗಿ ಹಾಕಿಕೊಂಡು ಮಿಲ್ಲಿನ ಡ್ಯೂಟಿಗೆ ಹೋದ, ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ದಸರೆ ಕಳೆಯಲಿ, ಹಬ್ಬದ ಮನೆಯಲ್ಲಿ ಬೇಡ, ದೀಪಾವಳಿ ಕಳೆಯಲಿ, ಇನ್ನೂ ಹಸಿ ಐತೆ, ಇನ್ನೂ ಹಸಿ, ಮಾವ ಹೀಗೆ ದಿನ ದೂಡುತ್ತಿರುವಾಗಲೇ ತವರು ಕುಕ್ಕುವಾಡದಿಂದ ಸೊಸೆಯ ಅಣ್ಣ ಕರೆಯಲು ಬಂದೇಬಿಟ್ಟ, ಹುಲಿಗೆಮ್ಮ ಉಡಿ ತುಂಬಲಿಲ್ಲ, ಮನೆಯಿಂದ ಹೊರಡುವ ಹೆಣ್ಣಿಗೆ ಒಂದು ಹಿಡಿ ಅಕ್ಕಿಯನ್ನೂ ಹಾಕಲಿಲ್ಲ, ಸಿದ್ದೇಶ ಮನೆಯಲ್ಲೇ ಇರಲಿಲ್ಲ, ಪುಷ್ಪಲತಾ ಬಗ್ಗಿ ಮಾವನ ಕಾಲು ಮುಟ್ಟಿದಳು, ಬೆರಳು ಹಿಟ್ಟು ನಾದಿ ನಾದಿ ಒರಟಾಗಿದ್ದವು, ನನಗೆಲ್ಲಾ ಗೊತ್ತೈತ್ರೀ ಮಾವ, ಅವರು ಹೇಳಲ್ಲಂತಾನೂ ಗೊತ್ತಿತ್ತು, ನೀವು ಒಂದು ಮಾತು ಆಡ್ತೀರಂತ ಕಾದೆ, ಅಷ್ಟೇ ಅಂದಳು, ಅಳಲಿಲ್ಲ, ಮಾವನ ತುಟಿ ಬಿಚ್ಚಿತು, ಹುಲಿಗೆಮ್ಮ ಯಾಕ ಏನಾತು ಅಂದಳು, ಏನಿಲ್ಲ ಬಿಡು ಅಂದ, ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಸೊಸೆಯ ಹಸಿರು ಸೀರೆಯ ಸೆರಗು —

ಬಿಡ್ರೀ ಯಜಮಾನ್ರೆ, ಜಮಾಲುದ್ದೀನ್ ಈಗ ಒಳಗೇ ಬಂದಿದ್ದಾನೆ, ನಗುತ್ತಿಲ್ಲ, ಅದು ಏನೂ ಹೊತ್ತಿಲ್ರೀ, ಮಾಲತೇಶಪ್ಪ ತಲೆ ಎತ್ತಿ ನೋಡುತ್ತಾನೆ, ಕಂಬದ ತಲೆಗೂ ತಾರಸಿಗೂ ನಡುವೆ ಬೆರಳು ತೂರುವಷ್ಟು ಸಂದಿ, ಬೆಳಕು ಹಾಯುತ್ತಿದೆ, ಒಣಗಿ ಎಷ್ಟು ದಿನವಾಗಿತ್ತೋ, ಬುಡದಲ್ಲಿ ಬೆಣೆಯಿಲ್ಲ, ಮೇಲೆ ಭಾರವಿಲ್ಲ, ಗುರುತು ಬಿದ್ದ ಈ ಕಂಬವನ್ನು ನಿಲ್ಲಿಸಿರುವುದು ತನ್ನ ಕೈ, ಬರೀ ತನ್ನ ಕೈ, ಬೆರಳುಗಳ ಸಂದಿನಲ್ಲಿ ಸುಣ್ಣದ ಬಿಳಿ ಗೆರೆ, ಪುಷ್ಪಲತಾ ಹೋದದ್ದು ನಿನ್ನೆ, ಸೋಮವಾರ.