ಕೈಯಳತೆಯ ಕೋಲು

ಪಕ್ಕದ ಮನೆಯಿಂದ ಎರಡು ಕುರ್ಚಿ ಹೊತ್ತು ತರುತ್ತಿದ್ದ ಮಗಳ ಕಣ್ಣಿಗೆ ಮೊದಲು ಬಿದ್ದದ್ದು ಊರುಗೋಲು, ಆಮೇಲೆ ಅದನ್ನು ತಂದವರು. ಹಿಡಿಯ ಕೆಳಗೆ ಸುಟ್ಟು ಮಾಡಿದ ಕಪ್ಪು ಉಂಗುರ, ತಿಳಿಗಂದು ಬಣ್ಣ, ಮಧ್ಯಮ ಅಳತೆ. ಎರಡು ತಿಂಗಳ ಹಿಂದೆ ಅವಳೇ ಕಾಗದ ಸುತ್ತಿ, ಟೇಪು ಅಂಟಿಸಿ ಕೊರಿಯರ್‌ಗೆ ಕೊಟ್ಟಿದ್ದ ಕೋಲು. ಗೇಟಿನ ಹತ್ತಿರ ನಿಂತಿದ್ದ ವಯಸ್ಸಾದ ಹೆಂಗಸು ಅದನ್ನು ಊರಿರಲಿಲ್ಲ. ಕಂಕುಳಲ್ಲಿ ಇರುಕಿಕೊಂಡು, ಗೇಟಿನ ಕಂಬಿ ಹಿಡಿದು ನಿಂತಿದ್ದರು. ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಿಚಿದ್ದವು. ಮಣಿಕಟ್ಟಿಗೆ ಬಿಳಿಯ ಪಟ್ಟಿ ಸುತ್ತಿತ್ತು.

ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಕೋರ್ಟಿನಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದವರು. ಆರ್ಡರ್ ಕೊಡುವಾಗ ಅದನ್ನೂ ಬರೆದಿದ್ದರು. ಕಳೆದ ತಿಂಗಳು ನಾಲ್ಕು ಸಲ ಮೆಸೇಜು ಕಳಿಸಿದ್ದರು, ನಾಲ್ಕರಲ್ಲೂ ಒಂದೇ ಮಾತು: ಕೋಲು ಕೈಗೆ ಕೂರುತ್ತಿಲ್ಲ, ಮಾಡಿದವರಿಂದ ಫೋನ್ ಮಾಡಿಸಿ. ಮಗಳು ನಾಲ್ಕನ್ನೂ ಓದಿ ಸುಮ್ಮನಿದ್ದಳು. ತಾನು ಸುಮ್ಮನಿದ್ದರೆ ಎದುರಿನವರೂ ಸುಮ್ಮನಾಗುತ್ತಾರೆ ಎಂದುಕೊಂಡಿದ್ದಳು. ಕೋರ್ಟಿನಲ್ಲಿ ದುಡಿದವರ ತಾಳ್ಮೆ ಅವಳಿಗೆ ಗೊತ್ತಿರಲಿಲ್ಲ.

“ಊರುಗೋಲು ಮಾಡೋರ ಮನೆ ಇದೇ ಅಲ್ವಾ?”

ಇದೇ, ಆದರೆ ಅಪ್ಪ ನಿನ್ನೆ ಸಂಜೆ ತೀರಿಕೊಂಡರು ಎಂದಳು ಮಗಳು. ಕುರ್ಚಿಗಳನ್ನು ಕೆಳಗಿಡುವುದೂ ಅವಳಿಗೆ ಮರೆತುಹೋಗಿತ್ತು. ಬಾಗಿಲ ಬಳಿಯ ಚಪ್ಪಲಿಗಳ ರಾಶಿಯನ್ನು, ತಲೆ ತಗ್ಗಿಸಿ ನಿಂತ ಜನರನ್ನು ಟೈಪಿಸ್ಟ್ ಈಗ ಗಮನಿಸಿದರು.

“ನಾನು ಅವರ ಹತ್ರ ಜಗಳ ಆಡೋಕೆ ಅಂತ ಬಂದೆ,” ಎಂದರು. “ಬಸ್ಸಲ್ಲಿ ಮಾತೆಲ್ಲ ಜೋಡಿಸಿಕೊಂಡು ಬಂದಿದ್ದೆ.”

ಕೋಲನ್ನು ಇಲ್ಲೇ ಬಿಟ್ಟುಹೋಗಿ, ಸರಿಮಾಡಿಸಿ ಕಳಿಸುತ್ತೇನೆ, ಒಂದೂವರೆಗೆ ವಾಪಸ್ ಬಸ್ಸಿದೆ ಎಂದು ಮಗಳು ಒಂದೇ ಉಸಿರಿಗೆ ಹೇಳಿದಳು. ಅಪ್ಪನ ಹೆಣ ಒಳಗಿರುವಾಗ ಬಸ್ಸಿನ ವೇಳೆ ಹೇಳುವ ಮಗಳನ್ನು ಟೈಪಿಸ್ಟ್ ಒಂದು ಗಳಿಗೆ ದಿಟ್ಟಿಸಿದರು.

“ಇನ್ನು ಸರಿ ಮಾಡೋರು ಯಾರು?” ಎಂದು ಕೇಳಿದರು. “ಇಷ್ಟು ದೂರ ಬಂದಿದೀನಿ. ಮುಖ ನೋಡಿ ಹೋಗ್ತೀನಿ.”

ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಅವರು ಒಳಗೆ ಹೋದರು. ಮಗಳು ಕುರ್ಚಿಗಳ ಸಮೇತ ಹಿಂದೆ ಹೋದಳು.

*

ಅಪ್ಪ ಮೊದಲು ಬಡಗಿ. ಬೆನ್ನು ಕೈಕೊಟ್ಟ ಮೇಲೆ ಕಿಟಕಿ ಬಾಗಿಲು ಬಿಟ್ಟು, ಕೂತು ಮಾಡುವ ಕೆಲಸಕ್ಕೆ ಇಳಿದ. ಊರುಗೋಲನ್ನು ಆನ್‌ಲೈನ್‌ನಲ್ಲಿ ಮಾರೋಣ ಎಂದದ್ದು ಮಗಳು. ಫೋಟೋ ತೆಗೆಯುವುದು, ಉತ್ತರ ಬರೆಯುವುದು, ಪ್ಯಾಕ್ ಮಾಡುವುದು ಅವಳ ಪಾಲು, ಮರ ಅವನ ಪಾಲು. ಅವರ ಪುಟದಲ್ಲಿ ಎರಡೇ ಬಗೆ. ಒಂದು, ‘ರೆಡಿಮೇಡ್ ಕೋಲು: ಮೂರು ಅಳತೆ, ಎರಡು ದಿನದಲ್ಲಿ ರವಾನೆ’. ಇನ್ನೊಂದು, ‘ನಿಮ್ಮ ಕೈಯ ಕೋಲು: ಆರು ವಾರ ಕಾಯಬೇಕು’.

ಎರಡನೆಯದರಲ್ಲಿ ಅಪ್ಪನ ಜೀವ ಇತ್ತು. ಗಿರಾಕಿಗಳು ಮೈದಾಹಿಟ್ಟಿಗೆ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಆ ಮುದ್ದೆಯನ್ನು ಕೋಲು ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ಬೆರಳಿನ ಅಚ್ಚು ಮೂಡಿದ ಮೇಲೆ ವಾರ ಒಣಗಿಸಿ ಕಳಿಸಬೇಕು. ಅದಕ್ಕೆ ಮನೆಯಲ್ಲಿ ‘ಮುಷ್ಟಿ’ ಎಂದು ಹೆಸರು. ಒಬ್ಬ ಅವಸರಗಾರ ಒಲೆಯಲ್ಲಿಟ್ಟು ಕೆಂಪಗೆ ಬೇಯಿಸಿ ಕಳಿಸಿದ್ದ. ಇನ್ನೊಬ್ಬರ ಮುಷ್ಟಿಯ ಜೊತೆ ಇರುವೆಗಳೂ ಪ್ರಯಾಣ ಮಾಡಿ ಬಂದಿದ್ದವು. ಅಪ್ಪ ಮುಷ್ಟಿಯನ್ನು ಕೈಯಲ್ಲಿ ಹಿಡಿದು, ಕಣ್ಣುಮುಚ್ಚಿ, ಯಾವ ಬೆರಳು ಹೆಚ್ಚು ಒತ್ತಿದೆ, ಯಾವುದು ಹಿಂಜರಿದಿದೆ ಎಂದು ತಡವಿ ನೋಡುತ್ತಿದ್ದ. ಆಮೇಲೆ ಮಗಳ ಫೋನಿನಿಂದ ಗಿರಾಕಿಗೆ ಫೋನ್ ಮಾಡುತ್ತಿದ್ದ. ರೆಡಿಮೇಡ್ ಕೋಲುಗಳನ್ನು ಹರಟೆ ಹೊಡೆಯುತ್ತ, ಕಡಲೆಕಾಯಿ ಸುಲಿದಷ್ಟು ಸಲೀಸಾಗಿ ಮಾಡಿಬಿಡುತ್ತಿದ್ದ. ಮುಷ್ಟಿಯ ಕೋಲಿಗೆ ಕೂತರೆ ಮಾತಿಲ್ಲ, ಕತೆಯಿಲ್ಲ.

“ರೆಡಿಮೇಡು ಯಾರ ಕೈಗೂ ಅಂತ ಮಾಡಿದ್ದಲ್ಲ,” ಎನ್ನುತ್ತಿದ್ದ. “ಅದನ್ನ ಕೈಯಳತೆದು ಅಂತ ಸಾಗಹಾಕೋನು ಕಳ್ಳ.”

ಮಗಳು ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅವನು ಬಾಯಿ ತೆರೆಯುವ ಮೊದಲೇ ತಾನು ಹೇಳಿ ಮುಗಿಸುತ್ತಿದ್ದಳು.

*

ಅಪ್ಪನನ್ನು ಮಲಗಿಸಿದ್ದು ಅವನು ಕೆಲಸ ಮಾಡುತ್ತಿದ್ದ ಮುಂದಿನ ಕೋಣೆಯಲ್ಲೇ. ಗೋಡೆಯುದ್ದದ ಹಲಗೆಗಳ ಮೇಲೆ ನೂರಾರು ಮುಷ್ಟಿಗಳು ಸಾಲಾಗಿ ಕೂತಿದ್ದವು, ಒಂದೊಂದಕ್ಕೂ ಹೆಸರಿನ ಚೀಟಿ. ಬಂದವರು ಹೆಣದ ಮುಖ ನೋಡಿ, ಹಲಗೆ ನೋಡಿ, ಇದೇನೆಂದು ಪಿಸುಗುಡುತ್ತಿದ್ದರು. ವಿವರಿಸುವ ಹೊಣೆ ಸೋದರತ್ತೆಯದು. ಅಣ್ಣ ಹೋದ ದುಃಖ ಅವಳಿಗೆ ನಿಜಕ್ಕೂ ಇತ್ತು, ಆದರೆ ನಾಲ್ಕು ಜನಕ್ಕೆ ವಿವರಿಸುವ ಅವಕಾಶವನ್ನು ಅವಳು ಯಾವ ದುಃಖಕ್ಕೂ ಬಿಟ್ಟುಕೊಟ್ಟವಳಲ್ಲ.

ಟೈಪಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷದಲ್ಲಿ ಅವರ ಪೂರ್ವಾಪರವೆಲ್ಲ ತಿಳಿದುಕೊಂಡಳು. ಹತ್ತನೆಯ ನಿಮಿಷಕ್ಕೆ ಸುದ್ದಿ ಮಗಳ ಅಣ್ಣನಿಗೆ ಮುಟ್ಟಿತು. ಅಣ್ಣನದು ಬಣ್ಣದ ಅಂಗಡಿ. ಅಪ್ಪನ ಕೆಲಸ ಅವನಿಗೆ ಅಷ್ಟಕ್ಕಷ್ಟೆ, ಅಪ್ಪನ ಹೆಸರೆಂದರೆ ಪ್ರಾಣ. ಮೂರು ಗಂಟೆಗೆ ಹೆಣ ಎತ್ತುವ ಮೊದಲು ಇಬ್ಬರು ಮೂವರಿಂದ ಅಪ್ಪನ ಬಗ್ಗೆ ಮಾತಾಡಿಸಬೇಕೆಂದು ಬೆಳಗಿನಿಂದ ಓಡಾಡುತ್ತಿದ್ದ. ದೂರದೂರಿಂದ ಗಿರಾಕಿಯೊಬ್ಬರು ಅಪ್ಪನ ಕೋಲಿನೊಂದಿಗೆ ಬಂದಿದ್ದಾರೆಂದು ಕೇಳಿ ಅವನ ಕಣ್ಣು ತುಂಬಿತು.

ಮಗಳು ಅವನನ್ನು ಅಡುಗೆಮನೆಗೆ ಎಳೆದಳು.

“ಅವರನ್ನ ಬಿಟ್ಟುಬಿಡು. ಸುಸ್ತಾಗಿದ್ದಾರೆ.”

“ಎರಡು ಮಾತು ಅಷ್ಟೇ. ಗಿರಾಕಿ ಹೇಳಿದ್ರೆ ಅದರ ತೂಕಾನೇ ಬೇರೆ.”

“ಬೇಡ ಅಂದ್ರೆ ಬೇಡ.”

“ಯಾಕೆ?”

ಆಗ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಯಾರೋ ನೀರು ಕೇಳಿಕೊಂಡು ಬಂದರು, ಅಣ್ಣ ಹೊರಟುಹೋದ. ಗಡಿಯಾರದಲ್ಲಿ ಎರಡೂಕಾಲು. ಒಳಕೋಣೆಯ ಮಂಚದ ಕೆಳಗೆ, ಹಳೆಯ ಹೊದಿಕೆಯೊಳಗೆ ಏಳು ಕೋಲುಗಳಿದ್ದವು. ಅವು ಅಲ್ಲಿರುವುದು ಅವಳೊಬ್ಬಳಿಗೇ ಗೊತ್ತು. ಇನ್ನು ಮುಕ್ಕಾಲು ಗಂಟೆ ಹೇಗಾದರೂ ಕಳೆದರೆ ಸಾಕೆಂದು ಅವಳು ಬೇಡಿಕೊಂಡಳು. ಅಪ್ಪನನ್ನು ಬೇಗ ಕಳಿಸಿಬಿಡಲು ಅವಸರಪಡುತ್ತಿದ್ದೇನೆಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

*

ಅಪ್ಪನ ಕೈ ನಡುಗಲು ಶುರುವಾಗಿ ಎಂಟು ತಿಂಗಳಾಗಿತ್ತು. ಮೊದಲ ಸಲ ಉಳಿ ಜಾರಿ, ಮುಷ್ಟಿಯ ಕೋಲೊಂದರ ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗದಲ್ಲಿ ಆಳವಾದ ಗೀರು ಬಿತ್ತು. ಅವನ ಬೆರಳುಗಳಿಗೆ ಜೋಮು ಹಿಡಿದಿತ್ತು, ಕಣ್ಣೂ ಮಂಜಾಗಿತ್ತು, ಅವನಿಗೆ ತಿಳಿಯಲೇ ಇಲ್ಲ. ವಾರ್ನಿಷ್ ಬಳಿದು, ಚೆನ್ನಾಗಿ ಬಂದಿದೆ ಕಳಿಸು ಎಂದು ಕೊಟ್ಟ.

ಮಗಳು ಅದನ್ನು ಹಿಡಿದು ನೋಡಿದಳು. ಚುಚ್ಚಿತು. ಹೇಳಬೇಕಿತ್ತು. ಆದರೆ ಹೇಳಿದ ದಿನ ಅವನು ಉಳಿ ಕೆಳಗಿಡುತ್ತಾನೆ, ಉಳಿ ಕೆಳಗಿಟ್ಟ ದಿನ ಹಾಸಿಗೆ ಹಿಡಿಯುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಅವಳೇ ಮರಳುಕಾಗದದಿಂದ ತಿಕ್ಕಲು ಹೋಗಿ ಇನ್ನಷ್ಟು ಕೆಡಿಸಿದಳು. ಕೊನೆಗೆ ಅವನು ಮುಂಚೆ ಮಾಡಿಟ್ಟಿದ್ದ ರೆಡಿಮೇಡ್ ಕೋಲುಗಳ ಸಾಲಿನಿಂದ ಹತ್ತಿರದ ಅಳತೆಯದೊಂದನ್ನು ತೆಗೆದು ಪ್ಯಾಕ್ ಮಾಡಿದಳು. ಅಪ್ಪ ಮಾಡಿದ್ದು ಮಂಚದ ಕೆಳಗೆ ಸೇರಿತು. ಅಂದು ಟೇಪು ಹಚ್ಚುವಾಗ ಅವನ ಕೈಗಿಂತ ಅವಳ ಕೈ ಹೆಚ್ಚು ನಡುಗಿತ್ತು. ಏಳನೆಯದರ ಹೊತ್ತಿಗೆ ಏನೂ ನಡುಗಲಿಲ್ಲ.

ಗಿರಾಕಿಗಳು ಬರೆದದ್ದನ್ನು ಓದಿಸಿಕೊಳ್ಳುವುದು ಅಪ್ಪನ ಸಂಜೆಯ ಅಭ್ಯಾಸ. ಅವಳು ಫೋನ್ ನೋಡುತ್ತ ಬಾಯಿಗೆ ಬಂದ ಹೊಗಳಿಕೆ ಓದುತ್ತಿದ್ದಳು. ಒಂದು ದಿನ ಅವನು ತಡೆದ.

“ಮುಂಚೆ ಹತ್ತರಲ್ಲಿ ಒಬ್ರಾದ್ರೂ ಬಯ್ಯೋರು. ಈಗ ಯಾರೂ ಬಯ್ತಾ ಇಲ್ವಲ್ಲ. ನಾನೇನು ಅಷ್ಟು ಚೆನ್ನಾಗಿ ಮಾಡ್ತಿದೀನಾ?”

ಅಂದಿನಿಂದ ನಡುನಡುವೆ ಒಂದು ದೂರನ್ನೂ ಸೇರಿಸಿದಳು: ವಾರ್ನಿಷ್ ವಾಸನೆ ಹೊಡೆಯುತ್ತದೆ, ಕೆಳಗಿನ ರಬ್ಬರು ಸಡಿಲ. ಅಪ್ಪನಿಗೆ ಸಮಾಧಾನವಾಯಿತು. ಬೇರೆ ರಬ್ಬರು ಕಳಿಸೆಂದು ಗದರಿ, ಕಳಿಸಿದೆಯಾ ಎಂದು ಎರಡು ದಿನ ಬೆನ್ನುಹತ್ತಿದ. ನಿಜವಾದ ದೂರು ಬಂದಾಗ ಅವಳು ಅದನ್ನು ಮಾತ್ರ ಅವನಿಗೆ ಓದಿ ಹೇಳಲಿಲ್ಲ.

*

ಮೊದಲು ಬೀದಿಯ ಕ್ಷೌರಿಕ ಮಾತಾಡಿದ. ತನ್ನ ಅಂಗಡಿಯ ಕುರ್ಚಿಯಲ್ಲಿ ಕೂತಾಗಲೆಲ್ಲ ಕುರ್ಚಿಯ ಕಾಲು ಸರಿಯಿಲ್ಲವೆಂದು ಇವನು ತಕರಾರು ತೆಗೆಯುತ್ತಿದ್ದ, ಒಂದು ದಿನ ಹೇಳದೆ ಕೇಳದೆ ಬಂದು ಸರಿಮಾಡಿ ಹೋದ ಎಂದ. ಜನ ಸಣ್ಣಗೆ ನಕ್ಕರು. ಆಮೇಲೆ ಅಣ್ಣ, ನಮ್ಮಪ್ಪ ಒಂದೇ ಒಂದು ಕೋಲನ್ನೂ ತಪ್ಪಾಗಿ ಕಳಿಸಿದವರಲ್ಲ ಎಂದು ಹೇಳಿ ಟೈಪಿಸ್ಟರತ್ತ ತಿರುಗಿದ. ಅವರು ಕುರ್ಚಿಯ ಬೆನ್ನು ಹಿಡಿದು ಎದ್ದರು. ಮಗಳು ಬಾಗಿಲ ಚೌಕಟ್ಟಿಗೆ ಒರಗಿದಳು.

“ನಾನು ಇವರನ್ನ ನೋಡಿದ್ದು ಇವತ್ತೇ,” ಎಂದರು ಟೈಪಿಸ್ಟ್. “ನನ್ನ ಮುಷ್ಟಿ ಕೈಗೆ ಬಂದ ದಿನ ಫೋನ್ ಮಾಡಿದ್ರು. ಉಂಗುರ ಬೆರಳು ಬೆಳಿಗ್ಗೆ ಜಾಸ್ತಿ ನೋಯುತ್ತಾ, ಸಂಜೆನಾ ಅಂತ ಕೇಳಿದ್ರು. ಹನ್ನೊಂದು ವರ್ಷದಿಂದ ಡಾಕ್ಟರಿಗೆ ತೋರಿಸ್ತಿದೀನಿ. ಯಾರೂ ಅದನ್ನ ಕೇಳಿರಲಿಲ್ಲ.”

ಸೋದರತ್ತೆ ಕಣ್ಣೊರೆಸಿಕೊಂಡಳು. ಕೋಲಿನ ಬಗ್ಗೆಯೂ ನಾಲ್ಕು ಮಾತು ಹೇಳಿ ಎಂದು ಅಣ್ಣ ಕೇಳಿಕೊಂಡ.

ಟೈಪಿಸ್ಟ್ ಪಟ್ಟಿ ಸುತ್ತಿದ ಕೈ ನೋಡಿಕೊಂಡರು. ಮಲಗಿದ್ದವನ ಮುಖ ನೋಡಿದರು.

“ಕೋಲಿನ ವಿಷಯ ಇವತ್ತು ಬೇಡ. ಅವರಿಗೂ ವಯಸ್ಸಾಗಿತ್ತು.”

ಎಲ್ಲರ ಕಣ್ಣೂ ಆ ಬಿಳಿಯ ಪಟ್ಟಿಯ ಮೇಲೆ ಹೋಯಿತು. ಅಣ್ಣನ ಮುಖ ಕಪ್ಪಿಟ್ಟಿತು. ಟೈಪಿಸ್ಟ್ ಒಳ್ಳೆಯ ಮನಸ್ಸಿನಿಂದಲೇ ಅಪ್ಪನನ್ನು ಕ್ಷಮಿಸಿದ್ದರು, ಮಗಳಿಗೆ ತಡೆಯಲಾಗದೆ ಹೋದದ್ದು ಆ ಕ್ಷಮೆಯೇ. ಈಗ ಸುಮ್ಮನಿದ್ದರೆ ಐದು ನಿಮಿಷದಲ್ಲಿ ಅವನನ್ನು ಎತ್ತುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ. ಆ ಕೋಲನ್ನು ಕಳಿಸಿದ ಮನುಷ್ಯನಾಗಿಯೇ ಅವನು ಹೋಗುತ್ತಾನೆ.

“ಅದು ಅಪ್ಪ ನಿಮಗೆ ಅಂತ ಮಾಡಿದ್ದಲ್ಲ,” ಎಂದಳು ಮಗಳು. ದನಿ ಅವಳಿಗೇ ಅಪರಿಚಿತವಾಗಿತ್ತು. “ರೆಡಿಮೇಡು. ನಾನು ಕಳಿಸಿದ್ದು. ಅಪ್ಪನಿಗೆ ಗೊತ್ತಿಲ್ಲ. ನಿಮಗೊಬ್ಬರಿಗೇ ಅಲ್ಲ, ಏಳು ಜನಕ್ಕೆ.”

ಅಣ್ಣ ಅವಳ ತೋಳು ಹಿಡಿದ. “ಇದೆಲ್ಲ ಈಗ ಬೇಕಾ?”

ಅವಳು ಬಿಡಿಸಿಕೊಂಡು ಒಳಗೆ ಹೋಗಿ, ಹೊದಿಕೆಯ ಗಂಟನ್ನು ಎಳೆದು ತಂದು, ಅಪ್ಪನ ಕಾಲ ಬಳಿ ಬಿಚ್ಚಿದಳು. ಏಳು ಹಿಡಿಗಳು. ಒಂದೊಂದರಲ್ಲೂ ಉಳಿ ಜಾರಿದ ಗಾಯ, ಮೊದಲನೆಯದರಲ್ಲಿ ಒಂದು, ಕೊನೆಯದರಲ್ಲಿ ಲೆಕ್ಕವಿಲ್ಲದಷ್ಟು. ಕೈ ಬಿದ್ದುಹೋದ ಬಡಗಿಯ ಎಂಟು ತಿಂಗಳು ಎಲ್ಲರೆದುರು ಬಿದ್ದುಕೊಂಡವು. ಮುಚ್ಚೇ ಅದನ್ನ ಎಂದು ಸೋದರತ್ತೆ ಮುಖ ತಿರುಗಿಸಿದಳು. ಮಗಳು ಕೋಲಿಗೆ ಕಟ್ಟಿದ್ದ ಹೆಸರಿನ ಚೀಟಿ ನೋಡಿ ಒಂದನ್ನು ಆರಿಸಿ ಟೈಪಿಸ್ಟರ ಕೈಗೆ ಕೊಟ್ಟಳು.

ಅವರು ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಕೂರಿಸಿದರು. ಟೈಪ್ ಮಾಡಿದ ಹಾಳೆಯಲ್ಲಿ ತಪ್ಪು ಹುಡುಕುವವರ ಹಾಗೆ ನಿಧಾನವಾಗಿ.

“ನಾಲ್ಕು ಬೆರಳೂ ಸರಿಯಾಗಿ ಕೂತಿವೆ,” ಎಂದರು. ಭಾರ ಹಾಕಿ ನೋಡಿ ಕೈ ಹಿಂದೆ ತೆಗೆದರು. “ಹೆಬ್ಬೆರಳು ಚುಚ್ಚುತ್ತೆ. ಇದನ್ನ ಊರಿಕೊಂಡೂ ನಡೆಯೋಕಾಗಲ್ಲ.”

“ಗೊತ್ತು.”

“ನೀನು ನನ್ನ ಒಂದೇ ಒಂದು ಮೆಸೇಜಿಗೆ ಉತ್ತರ ಬರೆದಿದ್ರೆ, ನಾನು ಅದನ್ನ ಊರಿಕೊಂಡು ಮೆಟ್ಟಿಲು ಇಳಿಯೋಕೆ ಹೋಗಿ ಬೀಳ್ತಿರಲಿಲ್ಲ.” ಅವರ ದನಿ ಏರಲಿಲ್ಲ. “ಉಳಿದ ಆರು ಜನಕ್ಕೆ ಗೊತ್ತಾ?”

ಮಗಳು ಇಲ್ಲವೆಂದು ತಲೆಯಾಡಿಸಿದಳು. ನಾಳೆಯೇ ಬರೆಯುತ್ತೇನೆ ಎಂದಳು.

“ಅವರು ಇವತ್ತೂ ನಡೀತಾರೆ,” ಎಂದರು ಟೈಪಿಸ್ಟ್.

ಎತ್ತಲು ಬಂದವರು ಬಾಗಿಲಲ್ಲಿ ನಿಂತು ಕಾದರು. ಮಗಳು ಅಪ್ಪನ ಪಕ್ಕದಲ್ಲೇ ಕೂತು ಫೋನಿನಲ್ಲಿ ಬರೆದಳು. ಬರೆದದ್ದನ್ನು ಟೈಪಿಸ್ಟ್ ಇಸಿದುಕೊಂಡು ಓದಿದರು. ಅಪ್ಪನ ಅನಾರೋಗ್ಯದ ಕಾರಣದಿಂದ ಎಂಬ ಮೊದಲ ಸಾಲನ್ನು ತೆಗೆಸಿದರು, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂಬುದನ್ನೂ ತೆಗೆಸಿದರು. ಕೊನೆಗೆ ಮೂರೇ ವಾಕ್ಯ ಉಳಿದವು: ನಿಮಗೆ ಬಂದ ಕೋಲು ನಿಮ್ಮ ಕೈಯದಲ್ಲ. ಬದಲಿಸಿ ಕಳಿಸಿದ್ದು ನಾನು. ದಯವಿಟ್ಟು ಅದನ್ನು ಊರಬೇಡಿ. ಆರು ಜನಕ್ಕೂ ಹೋಯಿತು. ಅಣ್ಣ ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

ಅಪ್ಪನನ್ನು ಎತ್ತುವಾಗ ಮೂರೂ ಹತ್ತಾಗಿತ್ತು. ಸ್ಮಶಾನ ಹತ್ತು ನಿಮಿಷದ ದಾರಿ. ಅಣ್ಣ ಮುಂದೆ ಹೆಗಲು ಕೊಟ್ಟ. ತಲೆಯ ಪಕ್ಕದಲ್ಲಿ ಮಗಳಿಗೆಂದು ಜಾಗ ಬಿಟ್ಟರು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ನಾನೂ ಬರ್ತೀನಿ ಎಂದು ಟೈಪಿಸ್ಟ್ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಯಾವ ಕೋಲೂ ಇರಲಿಲ್ಲ. ಮಗಳು ತೋಳು ಕೊಟ್ಟಳು. ಅವರು ಹಿಡಿದರು, ನೋವಾಗುವಷ್ಟು ಬಿಗಿಯಾಗಿ.

ಇವರಿಬ್ಬರು ಮೆಟ್ಟಿಲು ಇಳಿಯುವಷ್ಟರಲ್ಲಿ ಜನ ಗೇಟು ದಾಟಿದ್ದರು. ಇವರು ಗೇಟು ದಾಟುವಷ್ಟರಲ್ಲಿ ಜನ ಬೀದಿಯ ಔಷಧಿ ಅಂಗಡಿ ಮುಟ್ಟಿದ್ದರು. ಸೋದರತ್ತೆ ಹಿಂತಿರುಗಿ ನೋಡಿ, ಬೇಗ ಬಾ ಎಂದು ಕೈ ಮಾಡಿದಳು, ಮತ್ತೊಮ್ಮೆ ಮಾಡಿದಳು. ಮಗಳಿಗೆ ಕಂಡಿತು. ಅವಳು ಟೈಪಿಸ್ಟರ ಪಾದಗಳನ್ನು ನೋಡುತ್ತ, ಅವರ ಎಡಗಾಲು ಮುಂದೆ ಬಂದು ನೆಲಕ್ಕೆ ತಾಗಿದ ಮೇಲೆ ತನ್ನ ಹೆಜ್ಜೆ ಇಟ್ಟಳು. ಮುಂದೆ, ಅಪ್ಪನ ತಲೆಯ ಪಕ್ಕದಲ್ಲಿ ಅವಳಿಗೆಂದು ಬಿಟ್ಟಿದ್ದ ಜಾಗ ಖಾಲಿಯಾಗಿಯೇ ರಸ್ತೆಯ ತಿರುವು ದಾಟಿತು.