ಗದ್ದದ ಮೇಲಿನ ಕೂದಲು

ಅಮ್ಮ ತೀರಿಕೊಂಡ ದಿನ ದೊಡ್ಡಮ್ಮ ದೂರದ ಆಸ್ಪತ್ರೆಯೊಂದರಲ್ಲಿ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಫೋನಿನಲ್ಲಿ ವಿಷಯ ಹೇಳಿದೆ.

"ನಾನು ಮುಟ್ಟಿ ನೋಡೋವರೆಗೂ ಅವಳನ್ನ ಎಲ್ಲಿಗೂ ಕಳಿಸ್ಬೇಡ ಕಣೇ," ಎಂದಳು.

ದೊಡ್ಡಮ್ಮ ಅಮ್ಮನ ಅಕ್ಕ. ಹುಟ್ಟಿನಿಂದಲೇ ಕಣ್ಣಿಲ್ಲ. ಅವಳಿಗೆ ನೋಡುವುದೆಂದರೆ ಮುಟ್ಟುವುದೇ. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಸತ್ತರೆ, ಹುಡುಗಿ ಹೆದರಿಕೊಂಡಾಳು ಎಂದು ಮನೆಯ ಹಿರಿಯರು ಅವಳನ್ನು ಹತ್ತಿರಕ್ಕೆ ಬಿಡಲಿಲ್ಲ. ವರ್ಷಗಟ್ಟಲೆ ಅವಳು ಬಾಗಿಲ ಬಳಿ ಕೂತು ಅಪ್ಪನ ಚಪ್ಪಲಿ ಸದ್ದಿಗೆ ಕಾಯುತ್ತಿದ್ದಳಂತೆ. ಹೆದರಿಕೆಯಂತೆ ಹೆದರಿಕೆ! ಆ ಹಿರಿಯರು ಈಗೇನಾದರೂ ಎದುರಿಗೆ ಸಿಕ್ಕಿದ್ದರೆ ನಾಲ್ಕು ಮಾತು ಆಡದೆ ಬಿಡುವವಳಲ್ಲ ನಾನು. ಈ ಸಲ ಹಾಗಾಗಕೂಡದು, ತಂಗಿ ಹೋದಳೆಂದು ಅವಳ ಬೆರಳಿಗೇ ಗೊತ್ತಾಗಬೇಕು ಎಂದು ಹಟ ಹಿಡಿದೆ.

ಡಾಕ್ಟರು ಮುಂದಿನ ವಾರದ ತನಕ ದೊಡ್ಡಮ್ಮನನ್ನು ಕಳಿಸುವುದಿಲ್ಲ ಎಂದರು. ಹಾಗಾಗಿ ಅಮ್ಮನ ದೇಹ ಕೆಡದಂತೆ ಎಂಬಾಮಿಂಗ್ ಮಾಡಿಸಬೇಕಾಯಿತು. ಶವಾಗಾರದಲ್ಲಿ ಆ ಕೆಲಸ ಮಾಡುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹೊಸಬರಿಗೆ ಕೆಲಸ ಕಲಿಸಿ ಕಲಿಸಿ ಬಂದ ಹೆಸರು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡರು.

"ಅಂದ್ರೆ ಕಣ್ಣಿಗಲ್ಲ, ಬೆರಳಿಗೆ ಒಪ್ಪೋ ಹಾಗೆ ಮಾಡ್ಬೇಕು ಅನ್ನಿ. ಔಷಧಿ ಜೋರಾದ್ರೆ ಮೈ ಮರದ ಹಾಗಾಗುತ್ತೆ. ತೆಳುವಾದ್ರೆ ವಾರ ತಡೆಯಲ್ಲ. ಹದ ನೋಡ್ಕೊಂಡು ಬಿಡ್ತೀನಿ. ಪೌಡರ್ ಗಿವ್ಡರ್ ಏನೂ ಬೇಡ, ಬೆರಳಿಗೆ ಅಂಟುತ್ತೆ."

ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಕೊರಳ ಬಳಿ ಸಣ್ಣದಾಗಿ ಕೊಯ್ದು, ಒಂದು ನಾಳದಿಂದ ಔಷಧಿ ಒಳಗೆ ಬಿಡುತ್ತಾರೆ, ಇನ್ನೊಂದರಿಂದ ರಕ್ತ ಹೊರಗೆ ಇಳಿಸುತ್ತಾರೆ. ಅದು ಬೆರಳ ತುದಿವರೆಗೂ ಹೋಗಲಿ ಎಂದು ಕೈಕಾಲು ಉಜ್ಜುತ್ತಲೇ ಇರಬೇಕಂತೆ. ಒಳಗೆ ಯಂತ್ರ ಗುಂಯ್ ಎನ್ನುತ್ತಿತ್ತು. ನಡುನಡುವೆ ಮೇಷ್ಟ್ರ ದನಿ ಕೇಳುತ್ತಿತ್ತು: "ಕೈ ಸ್ವಲ್ಪ ಸಡಿಲ ಬಿಡಿ ತಾಯಿ... ಆಯ್ತು, ಆಯ್ತು." ಅವರು ಅಮ್ಮನ ಹತ್ತಿರ ಮಾತಾಡುತ್ತಿದ್ದರು.

ಕೆಲಸ ಮುಗಿಸಿ ಒಳಗೆ ಕರೆದರು. ಕೆನ್ನೆ ಮುಟ್ಟಿದೆ. ತಣ್ಣಗಿತ್ತು, ಆದರೆ ಮೆತ್ತಗಿತ್ತು. ಅಮ್ಮ ಅಮ್ಮನ ಹಾಗೆಯೇ ಇದ್ದಳು. ಕೈಮುಗಿಯಬೇಕು ಎನ್ನುವಷ್ಟರಲ್ಲಿ ಅವಳ ಗದ್ದ ಕಣ್ಣಿಗೆ ಬಿತ್ತು.

ಅಮ್ಮನ ಗದ್ದದ ಮೇಲೊಂದು ಉಬ್ಬು ಮಚ್ಚೆ, ಅದರಲ್ಲೊಂದು ಒರಟು ಕೂದಲು. ಸಿಕ್ಕಾಗಲೆಲ್ಲ ದೊಡ್ಡಮ್ಮನ ಬೆರಳು ಅಲ್ಲಿಗೆ ಬಂದು ನಿಲ್ಲುತ್ತಿತ್ತು. "ಇದನ್ನ ಇನ್ನೂ ಕೀಳ್ಲಿಲ್ವೇನೇ?" "ಇರ್ಲಿ ಬಿಡಕ್ಕ, ಕಿತ್ರೆ ನಾನ್ಯಾರು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?" ಆಡಿ ಆಡಿ ಹಳಸಿದ ಜೋಕಿಗೆ ಇಬ್ಬರೂ ಹೊಸದಾಗಿ ನಗುತ್ತಿದ್ದರು. ಈಗ ಮಚ್ಚೆ ಇತ್ತು, ಕೂದಲು ಇರಲಿಲ್ಲ.

"ಇಲ್ಲಿದ್ದ ಕೂದಲೆಲ್ಲಿ?"

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಗಂಡಸಿರಲಿ ಹೆಂಗಸಿರಲಿ, ಪೌಡರ್ ಸರಿಯಾಗಿ ಕೂರಲೆಂದು ಮುಖವನ್ನು ಮೊದಲು ಶೇವ್ ಮಾಡುವುದು ಅವರ ರೂಢಿಯಂತೆ.

"ಪೌಡರೇ ಬೇಡ ಅಂದಮೇಲೆ ಶೇವ್ ಯಾಕ್ರೀ ಮಾಡಿದ್ರಿ?" ಬಾಯಿಗೆ ಬಂದಂತೆ ಬೈದೆ.

"ಕೈ ತನ್ನ ಪಾಡಿಗೆ ಮಾಡ್ಬಿಟ್ಟಿದೆ. ತಪ್ಪಾಯ್ತಮ್ಮ," ಎಂದರು. ಬೇರೆ ಸಬೂಬು ಹೇಳಲಿಲ್ಲ. ಅಮ್ಮನ ತಲೆಯಿಂದ ಒಂದು ಕೂದಲು ತೆಗೆದು ಮಚ್ಚೆಗೆ ಅಂಟಿಸಿ ನೋಡಿದರು. ಅದು ನವಿರಾಗಿ ಮಲಗಿಬಿಟ್ಟಿತು. ಹುಬ್ಬಿನದು ತೀರಾ ಗಿಡ್ಡ. ಆಮೇಲೆ ಅವರ ಕಣ್ಣು ನನ್ನ ಗದ್ದದ ಮೇಲೆ ಬಿತ್ತು, ಕೂಡಲೇ ಬೇರೆ ಕಡೆ ತಿರುಗಿತು.

ಅಮ್ಮ ನನಗೆ ಒಡವೆ ಕೊಟ್ಟಳೋ ಇಲ್ಲವೋ, ಮಚ್ಚೆಯನ್ನಂತೂ ಧಾರಾಳವಾಗಿ ಕೊಟ್ಟಿದ್ದಳು. ಕೂದಲು ತಲೆ ಎತ್ತಿದ ಕೂಡಲೇ ಕೀಳುತ್ತಿದ್ದೆ. ಅಮ್ಮನ ಕಾಯಿಲೆಯ ಓಡಾಟದಲ್ಲಿ ಕನ್ನಡಿ ನೋಡಿಕೊಂಡವರು ಯಾರು?

"ಕೇಳೋಕೆ ಧೈರ್ಯ ಸಾಲ್ತಿಲ್ಲ," ಎಂದರು ಮೇಷ್ಟ್ರು.

"ಕೀಳ್ರೀ," ಎಂದು ಗದ್ದ ಚಾಚಿದೆ.

ಸೂಜಿಮೊನೆಯಿಂದ ಅಮ್ಮನ ಮಚ್ಚೆಯಲ್ಲಿ ಸಣ್ಣ ತೂತು ಮಾಡಿ, ಒಂದು ತೊಟ್ಟು ಅಂಟು ಬಿಟ್ಟು, ನನ್ನ ಕೂದಲನ್ನು ಉಸಿರು ಬಿಗಿಹಿಡಿದು ನೆಟ್ಟರು. ಅಮ್ಮನದು ಬಿಳಿ, ನನ್ನದು ಕಪ್ಪು. ದೊಡ್ಡಮ್ಮನಿಗೆ ಬಣ್ಣದಿಂದ ಆಗಬೇಕಾದ್ದೇನು!

ಮುಂದಿನ ವಾರ ದೊಡ್ಡಮ್ಮ ಗಾಲಿಕುರ್ಚಿಯಲ್ಲಿ ಶವಾಗಾರಕ್ಕೆ ಬಂದಳು. ಮೈ ತಣ್ಣಗಿರುತ್ತದೆ ಎಂದು ಮೊದಲೇ ಹೇಳಿಟ್ಟಿದ್ದೆ. ಅವಳ ಬೆರಳು ಹಣೆಯಿಂದ ರೆಪ್ಪೆಗೆ, ರೆಪ್ಪೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ಇಳಿದು ಅಲ್ಲಿ ನಿಂತಿತು. ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು.

"ಇದನ್ನ ಇನ್ನೂ ಕೀಳ್ಲಿಲ್ವೇನೇ?" ಎಂದಳು ದೊಡ್ಡಮ್ಮ.

ಉತ್ತರಕ್ಕೆ ಕಾದಳು. ಇನ್ನೊಮ್ಮೆ ಬೆರಳಾಡಿಸಿ ಮತ್ತೂ ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ಹೋದ್ಲು ಕಣೇ," ಎಂದು ಅತ್ತಳು. ಅಪ್ಪನಿಗಾಗಿ ಆಗ ಅಳದಿದ್ದುದನ್ನೂ ಸೇರಿಸಿ ಅತ್ತಳೆಂದು ಕಾಣುತ್ತದೆ.

ಹೊರಡುವಾಗ ಮೇಷ್ಟ್ರ ಕೈಗಳನ್ನು ತಡವಿ ಹಿಡಿದುಕೊಂಡು, "ನಿಮ್ಮ ಹೊಟ್ಟೆ ತಣ್ಣಗಿರಲಪ್ಪಾ," ಎಂದಳು. ನಾನೂ ಕೈಮುಗಿದೆ. ಆ ಮನುಷ್ಯನಿಗೆ ನಾನು ಬೈದದ್ದೂ ನಿಜ, ಬದುಕಿರುವವರೆಗೆ ಋಣಿ ಎನ್ನುವುದೂ ನಿಜ.

ಕಾರಿನಲ್ಲಿ ನನ್ನ ಕಣ್ಣೊರೆಸಲು ದೊಡ್ಡಮ್ಮ ಕೈ ಚಾಚಿದಳು. ಬೆರಳು ಕೆನ್ನೆಯಿಂದ ಜಾರಿ ನನ್ನ ಗದ್ದಕ್ಕೆ ಬಂತು. ಕೂದಲಿಲ್ಲದೆ ನುಣ್ಣಗಿದ್ದ ಮಚ್ಚೆಯ ಸುತ್ತ ಮೆಲ್ಲಗೆ ಸುತ್ತಿತು.

"ಬೆಳೀಲಿ ಬಿಡು. ಇನ್ಮೇಲೆ ಕೀಳ್ಬೇಡ," ಎಂದಳು.